ಷರತ್ತುಬದ್ಧ ಫಾರ್ಮ್ಯಾಟಿಂಗ್

ಷರತ್ತುಬದ್ಧ ಫಾರ್ಮ್ಯಾಟಿಂಗ್ ಅಥವಾ ಕಂಡೀಷನಲ್ ಫಾರ್ಮ್ಯಾಟಿಂಗ್ ಎಂಬುದು ಸ್ಪ್ರೆಡ್‌ಶೀಟ್ ತಂತ್ರಾಂಶಗಳಲ್ಲಿರುವ ಒಂದು ಸೌಲಭ್ಯ. ಬಳಕೆದಾರರು ಮೊದಲೇ ನಿಗದಿಪಡಿಸಿದ ಷರತ್ತು ಯಾವ ಕೋಶದಲ್ಲಿ ಪೂರೈಕೆಯಾಗುತ್ತದೆಯೋ ಆ ಕೋಶದ ಹಿನ್ನೆಲೆ ಬಣ್ಣ, ಅಕ್ಷರದ ಬಣ್ಣ ಅಥವಾ ಅಂಚನ್ನು ತಂತ್ರಾಂಶವು ತಾನಾಗಿಯೇ ಬದಲಿಸುತ್ತದೆ. ಕೋಶದಲ್ಲಿನ ಸಂಖ್ಯೆ ಬದಲಾದಾಗ ಬಣ್ಣವೂ ಬದಲಾಗುತ್ತದೆ. ಮೈಕ್ರೋಸಾಫ್ಟ್ ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್ ಮುಂತಾದ ಪ್ರಮುಖ ತಂತ್ರಾಂಶಗಳೆಲ್ಲವೂ ಈ ಸೌಲಭ್ಯವನ್ನು ಹೊಂದಿವೆ.

ಈ ಸೌಲಭ್ಯವು ಕೋಶದಲ್ಲಿರುವ ಮೌಲ್ಯವನ್ನು ಬದಲಿಸುವುದಿಲ್ಲ. ಅದು ಕಾಣುವ ರೂಪವನ್ನು ಮಾತ್ರ ಬದಲಿಸುತ್ತದೆ. ಬಣ್ಣವು ಬಳಕೆದಾರರು ಕೇಳಿದ ಪ್ರಶ್ನೆಯೊಂದಕ್ಕೆ ತಂತ್ರಾಂಶ ಕೊಡುವ ಉತ್ತರವಾಗಿದೆ. ಪ್ರಶ್ನೆ ತಪ್ಪಾಗಿದ್ದರೆ ಬಣ್ಣವೂ ತಪ್ಪು ಅರ್ಥವನ್ನು ಕೊಡುತ್ತದೆ. ಆದುದರಿಂದ ಬಣ್ಣ ಹಚ್ಚುವ ವಿಧಾನದಷ್ಟೇ ಷರತ್ತನ್ನು ಸರಿಯಾಗಿ ರೂಪಿಸುವುದೂ ಮುಖ್ಯ. ಇದನ್ನು ವಿವರಿಸಲು ಈ ಲೇಖನದಲ್ಲಿ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಹೋಬಳಿವಾರು ಮಳೆ ಪಟ್ಟಿಯ ಮಾದರಿಯನ್ನು ಬಳಸಲಾಗಿದೆ.

## ಹಿನ್ನೆಲೆ

ಅಂಕಿಗಳ ನಡುವೆ ಮುಖ್ಯವಾದುದನ್ನು ಬಣ್ಣದಿಂದ ಗುರುತಿಸುವ ಪದ್ಧತಿ ಗಣಕಯಂತ್ರಕ್ಕಿಂತ ಹಳೆಯದು. ಶಾಲೆಗಳ ಅಂಕವಹಿಯಲ್ಲಿ ಅನುತ್ತೀರ್ಣ ಅಂಕಗಳ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು ವಾಡಿಕೆಯಾಗಿತ್ತು. ಗೋಡೆಯ ಕ್ಯಾಲೆಂಡರುಗಳಲ್ಲಿ ರಜಾದಿನಗಳನ್ನು ಇಂದಿಗೂ ಕೆಂಪು ಬಣ್ಣದಲ್ಲಿ ಮುದ್ರಿಸಲಾಗುತ್ತದೆ. ಕಾಗದದ ಮೇಲೆ ಇಂಥ ಗುರುತನ್ನು ಮನುಷ್ಯರೇ ಪ್ರತಿ ಸಂಖ್ಯೆಯನ್ನೂ ನೋಡಿ ಹಾಕಬೇಕು. ಸಂಖ್ಯೆಯನ್ನು ತಿದ್ದಿದರೆ ಗುರುತನ್ನೂ ತಿದ್ದಬೇಕು. ಷರತ್ತುಬದ್ಧ ಫಾರ್ಮ್ಯಾಟಿಂಗ್‌ನಲ್ಲಿ ನಿಯಮವನ್ನು ಒಮ್ಮೆ ಬರೆದರೆ ಸಾಕು. ನೂರು ಸಾಲುಗಳಿದ್ದರೂ ಸಾವಿರ ಸಾಲುಗಳಿದ್ದರೂ ಅದು ಒಂದೇ ರೀತಿಯಲ್ಲಿ ಅನ್ವಯವಾಗುತ್ತದೆ.

## ಇತಿಹಾಸ

ವೈಯಕ್ತಿಕ ಗಣಕಯಂತ್ರಗಳಿಗೆ ಬಂದ ಮೊದಲ ಸ್ಪ್ರೆಡ್‌ಶೀಟ್ ತಂತ್ರಾಂಶವಾದ ವಿಸಿಕ್ಯಾಲ್ಕ್ 1979ರಲ್ಲಿ ಬಿಡುಗಡೆಯಾಯಿತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅದನ್ನು ರೂಪಿಸಿದರು. 1983ರಲ್ಲಿ ಲೋಟಸ್ 1-2-3 ಬಂದಿತು. ಮೈಕ್ರೋಸಾಫ್ಟ್ ಎಕ್ಸೆಲ್ 1985ರಲ್ಲಿ ಮ್ಯಾಕಿಂಟಾಷ್ ಯಂತ್ರಗಳಿಗೂ 1987ರಲ್ಲಿ ವಿಂಡೋಸ್‌ಗೂ ಬಿಡುಗಡೆಯಾಯಿತು.

ಎಕ್ಸೆಲ್‌ನಲ್ಲಿ ಷರತ್ತುಬದ್ಧ ಫಾರ್ಮ್ಯಾಟಿಂಗ್ ಕಾಣಿಸಿಕೊಂಡದ್ದು ಎಕ್ಸೆಲ್ 97 ಆವೃತ್ತಿಯಲ್ಲಿ. ಆಗ ಒಂದು ಕೋಶಕ್ಕೆ ಗರಿಷ್ಠ ಮೂರು ಷರತ್ತುಗಳನ್ನು ಮಾತ್ರ ಕೊಡಬಹುದಾಗಿತ್ತು. ಎಕ್ಸೆಲ್ 2007 ಆವೃತ್ತಿಯಲ್ಲಿ ಈ ಮಿತಿಯನ್ನು ತೆಗೆಯಲಾಯಿತು. ದತ್ತಾಂಶ ಪಟ್ಟಿಗಳು, ಬಣ್ಣದ ಶ್ರೇಣಿ ಮತ್ತು ಚಿಹ್ನೆಗಳ ಗುಂಪು ಸೇರ್ಪಡೆಯಾದವು. ಬಣ್ಣದ ಆಧಾರದ ಮೇಲೆ ಸಾಲುಗಳನ್ನು ವಿಂಗಡಿಸುವ ಮತ್ತು ಸೋಸುವ ಅನುಕೂಲವೂ ಅದೇ ಆವೃತ್ತಿಯಲ್ಲಿ ದೊರೆಯಿತು.

## ನಿಯಮದ ಅಂಗಗಳು

ಪ್ರತಿಯೊಂದು ನಿಯಮದಲ್ಲಿಯೂ ಮೂರು ಅಂಗಗಳಿರುತ್ತವೆ.

* ವ್ಯಾಪ್ತಿ: ನಿಯಮವು ಯಾವ ಕೋಶದಿಂದ ಯಾವ ಕೋಶದವರೆಗೆ ಅನ್ವಯವಾಗಬೇಕು ಎಂಬುದು.
* ಷರತ್ತು: ಹೌದು ಅಥವಾ ಅಲ್ಲ ಎಂಬ ಉತ್ತರ ಬರುವಂಥ ಪರೀಕ್ಷೆ. "ಈ ಸಂಖ್ಯೆ 20ಕ್ಕಿಂತ ಕಡಿಮೆಯೇ?" ಎಂಬುದು ಇದಕ್ಕೆ ಸರಳ ಉದಾಹರಣೆ.
* ರೂಪ: ಉತ್ತರ ಹೌದು ಎಂದಾದರೆ ಕೋಶವು ತಾಳಬೇಕಾದ ಬಣ್ಣ, ಅಕ್ಷರವಿನ್ಯಾಸ ಅಥವಾ ಅಂಚು.

## ನಿಯಮದ ಬಗೆಗಳು

ಮೌಲ್ಯಾಧಾರಿತ ನಿಯಮ: ಕೋಶದ ಮೌಲ್ಯವನ್ನು ಒಂದು ನಿಗದಿತ ಸಂಖ್ಯೆ, ದಿನಾಂಕ ಅಥವಾ ಪದದೊಂದಿಗೆ ಹೋಲಿಸುತ್ತದೆ. ಅದಕ್ಕಿಂತ ಹೆಚ್ಚು, ಅದಕ್ಕಿಂತ ಕಡಿಮೆ, ಎರಡು ಸಂಖ್ಯೆಗಳ ನಡುವೆ, ಸಮ, ಪುನರಾವರ್ತಿತ ಎಂಬವು ಇದರ ಸಾಮಾನ್ಯ ರೂಪಗಳು.

ಸ್ಥಾನಾಧಾರಿತ ನಿಯಮ: ಪಟ್ಟಿಯ ಮೊದಲ ಹತ್ತು, ಕೊನೆಯ ಹತ್ತು, ಸರಾಸರಿಗಿಂತ ಮೇಲಿನವು ಅಥವಾ ಕೆಳಗಿನವು ಎಂಬಂತೆ ಕೋಶಗಳನ್ನು ಪರಸ್ಪರ ಹೋಲಿಸುತ್ತದೆ.

ಬಣ್ಣದ ಶ್ರೇಣಿ: ಪಟ್ಟಿಯ ಅತಿ ಚಿಕ್ಕ ಸಂಖ್ಯೆಗೆ ಒಂದು ಬಣ್ಣ, ಅತಿ ದೊಡ್ಡ ಸಂಖ್ಯೆಗೆ ಮತ್ತೊಂದು ಬಣ್ಣ ಕೊಟ್ಟು ನಡುವಿನವುಗಳಿಗೆ ಮಿಶ್ರ ಛಾಯೆಗಳನ್ನು ಹಚ್ಚುತ್ತದೆ.

ದತ್ತಾಂಶ ಪಟ್ಟಿ ಮತ್ತು ಚಿಹ್ನೆಗಳು: ಕೋಶದೊಳಗೇ ಸಂಖ್ಯೆಯ ಗಾತ್ರಕ್ಕೆ ತಕ್ಕ ಉದ್ದದ ಪಟ್ಟಿಯನ್ನು ಅಥವಾ ಬಾಣ, ವೃತ್ತ ಮೊದಲಾದ ಚಿಹ್ನೆಯನ್ನು ತೋರಿಸುತ್ತವೆ.

ಸೂತ್ರಾಧಾರಿತ ನಿಯಮ: ಬಳಕೆದಾರರೇ ಬರೆದ ಸೂತ್ರದ ಉತ್ತರ ನಿಜವಾದಾಗ ಬಣ್ಣ ಹಚ್ಚುತ್ತದೆ. ಒಂದು ಕೋಶವನ್ನು ನೋಡಿ ಇಡೀ ಸಾಲಿಗೆ ಬಣ್ಣ ಹಚ್ಚಬೇಕಾದಾಗ ಈ ಬಗೆಯನ್ನೇ ಬಳಸಲಾಗುತ್ತದೆ.

## ಬಳಸುವ ಕ್ರಮ

ಎಕ್ಸೆಲ್‌ನಲ್ಲಿ ಮೊದಲು ಕೋಶಗಳನ್ನು ಆಯ್ದುಕೊಂಡು, ಹೋಮ್ ಟ್ಯಾಬ್‌ನಲ್ಲಿರುವ ಕಂಡೀಷನಲ್ ಫಾರ್ಮ್ಯಾಟಿಂಗ್ ಎಂಬ ಗುಂಡಿಯನ್ನು ಒತ್ತಬೇಕು. ಸರಳ ಹೋಲಿಕೆಗಳಿಗೆ ಹೈಲೈಟ್ ಸೆಲ್ಸ್ ರೂಲ್ಸ್ ಎಂಬ ಪಟ್ಟಿ ಸಾಕು. ಸೂತ್ರ ಬರೆಯಲು ನ್ಯೂ ರೂಲ್ ಎಂಬುದನ್ನು ತೆರೆದು, ಅದರಲ್ಲಿ ಸೂತ್ರದ ಮೂಲಕ ಕೋಶಗಳನ್ನು ನಿರ್ಧರಿಸುವ ಕೊನೆಯ ಆಯ್ಕೆಯನ್ನು ಆರಿಸಬೇಕು. ಈಗಾಗಲೇ ಇರುವ ನಿಯಮಗಳನ್ನು ಮ್ಯಾನೇಜ್ ರೂಲ್ಸ್ ಎಂಬಲ್ಲಿ ನೋಡಬಹುದು, ತಿದ್ದಬಹುದು, ಮೇಲೆ ಕೆಳಗೆ ಸರಿಸಬಹುದು.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಫಾರ್ಮ್ಯಾಟ್ ಪಟ್ಟಿಯ ಕಂಡೀಷನಲ್ ಎಂಬ ವಿಭಾಗದಲ್ಲಿ ಕಂಡೀಷನ್ ಎಂಬುದನ್ನು ತೆರೆಯಬೇಕು. ಇಲ್ಲಿ ಬಣ್ಣವನ್ನು ಕೋಶಶೈಲಿಯ ಮೂಲಕ ಕೊಡಲಾಗುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ಫಾರ್ಮ್ಯಾಟ್ ಪಟ್ಟಿಯಿಂದ ಕಂಡೀಷನಲ್ ಫಾರ್ಮ್ಯಾಟಿಂಗ್ ಎಂಬುದನ್ನು ಆರಿಸಿದಾಗ ಪರದೆಯ ಬಲಭಾಗದಲ್ಲಿ ಒಂದು ಫಲಕ ತೆರೆಯುತ್ತದೆ. ವ್ಯಾಪ್ತಿ, ಷರತ್ತು, ರೂಪ ಎಂಬ ಮೂರು ಅಂಗಗಳನ್ನೂ ಅಲ್ಲಿಯೇ ತುಂಬಬೇಕು. ಸ್ವಂತ ಸೂತ್ರ ಬರೆಯಲು ಷರತ್ತುಗಳ ಪಟ್ಟಿಯ ಕೊನೆಯಲ್ಲಿ ಕಸ್ಟಮ್ ಫಾರ್ಮುಲಾ ಎಂಬ ಆಯ್ಕೆ ಇರುತ್ತದೆ.

## ಉದಾಹರಣೆ: ಅರಸೀಕೆರೆ ತಾಲ್ಲೂಕಿನ ಮಳೆ ಪಟ್ಟಿ

### ಯಾವ ಸಂಖ್ಯೆಗೆ ಬಣ್ಣ ಹಚ್ಚಬೇಕು

ಹಾಸನ ಜಿಲ್ಲೆಯ ಪಶ್ಚಿಮದ ಸಕಲೇಶಪುರ ತಾಲ್ಲೂಕು ಮಲೆನಾಡಿಗೆ ಸೇರಿದೆ. ಬೇಲೂರು ಮಲೆನಾಡು ಮತ್ತು ಬಯಲುಸೀಮೆಗಳ ನಡುವೆ ಇದೆ. ಪೂರ್ವದ ಅರಸೀಕೆರೆ ತಾಲ್ಲೂಕು ರಾಗಿ ಮತ್ತು ತೆಂಗು ಬೆಳೆಯುವ ಬಯಲುಸೀಮೆ. ಸಕಲೇಶಪುರದಲ್ಲಿ ಸುರಿಯುವ ಮಳೆ ಅರಸೀಕೆರೆಯ ಮಳೆಗಿಂತ ಬಹಳ ಹೆಚ್ಚು. ಜಿಲ್ಲೆಯ ಎಲ್ಲ ತಾಲ್ಲೂಕುಗಳ ಮಳೆಯನ್ನು ಮಿಲಿಮೀಟರುಗಳಲ್ಲಿ ಬರೆದು "ಇಷ್ಟಕ್ಕಿಂತ ಕಡಿಮೆಯಾದರೆ ಕೆಂಪು" ಎಂಬ ಒಂದೇ ನಿಯಮ ಕೊಟ್ಟರೆ, ಒಳ್ಳೆಯ ಮಳೆಯಾದ ವರ್ಷದಲ್ಲಿಯೂ ಅರಸೀಕೆರೆ ಕೆಂಪಾಗಿಯೇ ಕಾಣಬಹುದು. ಮಳೆ ಕೈಕೊಟ್ಟ ವರ್ಷದಲ್ಲಿಯೂ ಸಕಲೇಶಪುರಕ್ಕೆ ಕೆಂಪು ಬಾರದಿರಬಹುದು. ಅಂಥ ಬಣ್ಣವು ಭೂಗೋಳವನ್ನು ತಿಳಿಸುತ್ತದೆಯೇ ಹೊರತು ಆ ವರ್ಷದ ಮಳೆಯ ಸ್ಥಿತಿಯನ್ನಲ್ಲ.

ಆದುದರಿಂದ ಆಯಾ ಸ್ಥಳದ ವಾಡಿಕೆ ಮಳೆಗೆ ಹೋಲಿಸಿದರೆ ಈ ಬಾರಿ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆಯಾಗಿದೆ ಎಂಬ ವ್ಯತ್ಯಾಸಕ್ಕೆ ಬಣ್ಣ ಹಚ್ಚಬೇಕಾಗುತ್ತದೆ. ವಾಸ್ತವ ಮಳೆಯಿಂದ ವಾಡಿಕೆ ಮಳೆಯನ್ನು ಕಳೆದು, ಬಂದುದನ್ನು ವಾಡಿಕೆ ಮಳೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಈ ವ್ಯತ್ಯಾಸ ದೊರೆಯುತ್ತದೆ.

### ಮಳೆಯ ವರ್ಗಗಳು

ಭಾರತೀಯ ಹವಾಮಾನ ಇಲಾಖೆಯು ಈ ವ್ಯತ್ಯಾಸದ ಆಧಾರದ ಮೇಲೆ ಮಳೆಯನ್ನು ಹೀಗೆ ವರ್ಗೀಕರಿಸುತ್ತದೆ.

| ವ್ಯತ್ಯಾಸ (ಶೇಕಡಾ) | ವರ್ಗ | ಇಲಾಖೆಯ ಮಳೆ ನಕ್ಷೆಯಲ್ಲಿನ ಬಣ್ಣ |
|---|---|---|
| +60 ಮತ್ತು ಹೆಚ್ಚು | ಅತ್ಯಧಿಕ | ನೀಲಿ |
| +20ರಿಂದ +59 | ಅಧಿಕ | ತಿಳಿ ನೀಲಿ |
| -19ರಿಂದ +19 | ವಾಡಿಕೆ | ಹಸಿರು |
| -20ರಿಂದ -59 | ಕೊರತೆ | ಕೆಂಪು |
| -60ರಿಂದ -99 | ತೀವ್ರ ಕೊರತೆ | ಹಳದಿ |
| -100 | ಮಳೆಯಿಲ್ಲ | ಬಿಳಿ |

### ಪಟ್ಟಿ ಮತ್ತು ಸೂತ್ರ

ಅರಸೀಕೆರೆ ತಾಲ್ಲೂಕಿನಲ್ಲಿ ಕಸಬಾ, ಬಾಣಾವರ, ಗಂಡಸಿ, ಜಾವಗಲ್ ಮತ್ತು ಕಣಕಟ್ಟೆ ಎಂಬ ಐದು ಹೋಬಳಿಗಳಿವೆ. ಕೆಳಗಿನ ಅಂಕಿಗಳು ಲೆಕ್ಕವನ್ನು ತೋರಿಸಲು ಕಲ್ಪಿಸಿಕೊಂಡ ಸರಳ ಸಂಖ್ಯೆಗಳು. ಇವು ಯಾವುದೇ ತಿಂಗಳಿನ ಅಥವಾ ವರ್ಷದ ದಾಖಲೆಯಲ್ಲ.

| ಎ: ಹೋಬಳಿ | ಬಿ: ವಾಡಿಕೆ (ಮಿ.ಮೀ.) | ಸಿ: ವಾಸ್ತವ (ಮಿ.ಮೀ.) | ಡಿ: ವ್ಯತ್ಯಾಸ (ಶೇಕಡಾ) |
|---|---|---|---|
| ಕಸಬಾ | 100 | 110 | 10 |
| ಬಾಣಾವರ | 80 | 60 | -25 |
| ಗಂಡಸಿ | 120 | 150 | 25 |
| ಜಾವಗಲ್ | 90 | 36 | -60 |
| ಕಣಕಟ್ಟೆ | 75 | (ವರದಿ ಬಂದಿಲ್ಲ) | |

ಕಣಕಟ್ಟೆಯ ಸಾಲಿನಲ್ಲಿ ಸಿ ಕೋಶವು ಖಾಲಿ ಇದೆ ಎಂದು ಭಾವಿಸಬೇಕು. ಮೊದಲ ಅಡ್ಡಸಾಲಿನಲ್ಲಿ ಶೀರ್ಷಿಕೆಗಳಿರುವುದರಿಂದ ಅಂಕಿಗಳು ಎರಡನೆಯ ಅಡ್ಡಸಾಲಿನಿಂದ ಆರಂಭವಾಗುತ್ತವೆ. ಡಿ2 ಕೋಶದಲ್ಲಿ ಬರೆಯಬೇಕಾದ ಸೂತ್ರ ಹೀಗಿದೆ:

=ಇಫ್(ಸಿ2="","",ರೌಂಡ್((ಸಿ2-ಬಿ2)/ಬಿ2*100,0))

ಈ ಲೇಖನದಲ್ಲಿ ಸೂತ್ರಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ತಂತ್ರಾಂಶದಲ್ಲಿ ಟೈಪ್ ಮಾಡುವಾಗ ಕಂಬಸಾಲಿನ ಹೆಸರು ಮತ್ತು ಇಫ್, ರೌಂಡ್ ಮೊದಲಾದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು.

ರೌಂಡ್ ಎಂಬುದು ಉತ್ತರವನ್ನು ಪೂರ್ಣಾಂಕಕ್ಕೆ ತರುತ್ತದೆ. ಇದನ್ನು ಬಿಟ್ಟರೆ 19.6 ಎಂಬ ಸಂಖ್ಯೆಯು ಪರದೆಯ ಮೇಲೆ 20 ಎಂದು ಕಾಣಿಸಿದರೂ ತಂತ್ರಾಂಶದ ಲೆಕ್ಕದಲ್ಲಿ 20ನ್ನು ಮುಟ್ಟಿರುವುದಿಲ್ಲ. ಆಗ ಕೋಶದಲ್ಲಿ ಕಾಣುವ ಸಂಖ್ಯೆಗೂ ಅದರ ಬಣ್ಣಕ್ಕೂ ಹೊಂದಾಣಿಕೆ ತಪ್ಪುತ್ತದೆ.

### ನಿಯಮಗಳು ಮತ್ತು ಅವುಗಳ ಅನುಕ್ರಮ

ಎ2ರಿಂದ ಡಿ6ರವರೆಗಿನ ಕೋಶಗಳನ್ನು ಆಯ್ದುಕೊಂಡು ಕೆಳಗಿನ ಸೂತ್ರಾಧಾರಿತ ನಿಯಮಗಳನ್ನು ಇದೇ ಅನುಕ್ರಮದಲ್ಲಿ ಕೊಡಬೇಕು.

1. =$ಸಿ2="" : ಬೂದು (ವರದಿ ಬಂದಿಲ್ಲ)
2. =$ಡಿ2>=60 : ನೀಲಿ
3. =$ಡಿ2>=20 : ತಿಳಿ ನೀಲಿ
4. =$ಡಿ2>=-19 : ಹಸಿರು
5. =$ಡಿ2>=-59 : ಕೆಂಪು
6. =$ಡಿ2>=-99 : ಹಳದಿ

ವ್ಯತ್ಯಾಸವು -100 ಆಗಿದ್ದರೆ ಯಾವ ನಿಯಮವೂ ಅನ್ವಯವಾಗದೆ ಕೋಶ ಬಿಳಿಯಾಗಿಯೇ ಉಳಿಯುತ್ತದೆ.

ಡಾಲರ್ ಚಿಹ್ನೆಯು ಕಂಬಸಾಲನ್ನು ಸ್ಥಿರಗೊಳಿಸುತ್ತದೆ. $ಡಿ2 ಎಂದು ಬರೆದಾಗ ಎ, ಬಿ, ಸಿ ಕೋಶಗಳೂ ತಮ್ಮ ಸಾಲಿನ ಡಿ ಕೋಶವನ್ನೇ ನೋಡುತ್ತವೆ. ಹೀಗೆ ಇಡೀ ಸಾಲು ಒಂದೇ ಬಣ್ಣ ಪಡೆಯುತ್ತದೆ. ಸಂಖ್ಯೆಯ ಮುಂದೆ ಡಾಲರ್ ಚಿಹ್ನೆ ಇಲ್ಲದಿರುವುದರಿಂದ ಮೂರನೆಯ ಸಾಲು ಡಿ3ನ್ನು, ನಾಲ್ಕನೆಯ ಸಾಲು ಡಿ4ನ್ನು ನೋಡುತ್ತದೆ. ಸೂತ್ರವನ್ನು ಯಾವಾಗಲೂ ವ್ಯಾಪ್ತಿಯ ಮೊದಲ ಸಾಲಿಗೆ ಅನ್ವಯಿಸುವಂತೆ ಬರೆಯಬೇಕು.

ಗಂಡಸಿಯ 25 ಎಂಬ ಸಂಖ್ಯೆ 20ಕ್ಕಿಂತ ಹೆಚ್ಚು. ಅದು -19, -59 ಮತ್ತು -99ಕ್ಕಿಂತಲೂ ಹೆಚ್ಚು. ಅಂದರೆ ಮೂರನೆಯ ನಿಯಮದಿಂದ ಆರನೆಯ ನಿಯಮದವರೆಗೆ ಎಲ್ಲವೂ ಅದರ ಮಟ್ಟಿಗೆ ನಿಜ. ಹೀಗೆ ಹಲವು ನಿಯಮಗಳು ಏಕಕಾಲದಲ್ಲಿ ನಿಜವಾದಾಗ ಮೇಲಿರುವ ನಿಯಮದ ಬಣ್ಣವೇ ಉಳಿಯುತ್ತದೆ. ಆದುದರಿಂದ ಅನುಕ್ರಮ ತಪ್ಪಿದರೆ ಫಲಿತಾಂಶವೂ ತಪ್ಪುತ್ತದೆ. ಎಕ್ಸೆಲ್‌ನಲ್ಲಿ ಹೊಸದಾಗಿ ಸೇರಿಸಿದ ನಿಯಮವು ಪಟ್ಟಿಯ ಮೇಲ್ತುದಿಗೆ ಹೋಗುತ್ತದೆ. ನಿಯಮಗಳನ್ನು ಬರೆದು ಮುಗಿಸಿದ ಮೇಲೆ ಮ್ಯಾನೇಜ್ ರೂಲ್ಸ್‌ನಲ್ಲಿ ಅನುಕ್ರಮವನ್ನು ಸರಿಪಡಿಸಬೇಕು.

ಈ ನಿಯಮಗಳಂತೆ ಕಸಬಾ ಹಸಿರು, ಬಾಣಾವರ ಕೆಂಪು, ಗಂಡಸಿ ತಿಳಿ ನೀಲಿ, ಜಾವಗಲ್ ಹಳದಿ ಮತ್ತು ಕಣಕಟ್ಟೆ ಬೂದು ಬಣ್ಣದಲ್ಲಿ ಕಾಣುತ್ತವೆ.

### ಖಾಲಿ ಕೋಶದ ಸಮಸ್ಯೆ

ಮಳೆ ಬಾರದಿರುವುದು ಬೇರೆ, ಮಳೆಯ ವರದಿ ಬಾರದಿರುವುದು ಬೇರೆ. ಈ ವ್ಯತ್ಯಾಸವನ್ನು ತಂತ್ರಾಂಶವು ತಾನಾಗಿ ಅರಿಯುವುದಿಲ್ಲ. ಕಣಕಟ್ಟೆಯ ಸಾಲಿಗೆ ಮೊದಲ ನಿಯಮವಿಲ್ಲದಿದ್ದರೆ, ಪಟ್ಟಿಯನ್ನು ಸಿದ್ಧಪಡಿಸಿದ ರೀತಿಗೆ ಅನುಗುಣವಾಗಿ ಮೂರು ಬಗೆಯ ತಪ್ಪುಗಳು ಸಂಭವಿಸುತ್ತವೆ.

* ಡಿ ಕೋಶವನ್ನು ಏನೂ ಬರೆಯದೆ ಬಿಟ್ಟಿದ್ದರೆ ತಂತ್ರಾಂಶವು ಅದನ್ನು ಸೊನ್ನೆ ಎಂದು ಪರಿಗಣಿಸುತ್ತದೆ. ಸೊನ್ನೆಯು -19 ಮತ್ತು +19ರ ನಡುವೆ ಇರುವುದರಿಂದ ಸಾಲು ಹಸಿರಾಗಿ, ವಾಡಿಕೆ ಮಳೆಯಾದಂತೆ ತೋರುತ್ತದೆ.
* ಖಾಲಿ ಕೋಶವನ್ನು ಪರೀಕ್ಷಿಸದೆ ವ್ಯತ್ಯಾಸದ ಸೂತ್ರವನ್ನು ಬರೆದಿದ್ದರೆ ವಾಸ್ತವ ಮಳೆಯೇ ಸೊನ್ನೆ ಎಂದಾಗಿ ಉತ್ತರ -100 ಬರುತ್ತದೆ. ಆಗ ಹೋಬಳಿಯಲ್ಲಿ ಹನಿ ಮಳೆಯೂ ಆಗಿಲ್ಲವೆಂಬ ಅರ್ಥ ಬರುತ್ತದೆ.
* ಸೂತ್ರವು ಖಾಲಿ ಪಠ್ಯವನ್ನು ಉತ್ತರವಾಗಿ ಕೊಟ್ಟಿದ್ದರೆ, ಹೋಲಿಕೆಯಲ್ಲಿ ಪಠ್ಯವು ಯಾವುದೇ ಸಂಖ್ಯೆಗಿಂತ ದೊಡ್ಡದೆಂದು ಪರಿಗಣಿತವಾಗುತ್ತದೆ. ಸಾಲು ನೀಲಿಯಾಗಿ, ಅತ್ಯಧಿಕ ಮಳೆಯಾದಂತೆ ಕಾಣುತ್ತದೆ.

ಒಂದೇ ಖಾಲಿ ಕೋಶವು ವಾಡಿಕೆ ಮಳೆ, ಶೂನ್ಯ ಮಳೆ ಮತ್ತು ಅತ್ಯಧಿಕ ಮಳೆ ಎಂಬ ಮೂರು ಪರಸ್ಪರ ವಿರುದ್ಧ ಅರ್ಥಗಳನ್ನು ಕೊಡಬಲ್ಲದು. ಖಾಲಿ ಕೋಶಕ್ಕೆ ಪ್ರತ್ಯೇಕ ಬಣ್ಣವನ್ನು ಮೊದಲ ನಿಯಮವಾಗಿ ಕೊಡುವುದೇ ಇದಕ್ಕೆ ಪರಿಹಾರ. ನಿಜವಾಗಿಯೂ ಮಳೆ ಬಾರದಿದ್ದರೆ ಸಿ ಕೋಶದಲ್ಲಿ 0 ಎಂದು ಬರೆಯಬೇಕು.

## ಸಾಮಾನ್ಯ ದೋಷಗಳು

ಪಠ್ಯವಾಗಿ ಉಳಿದ ಸಂಖ್ಯೆ: ಕೋಶದಲ್ಲಿ "36 ಮಿ.ಮೀ." ಎಂದು ಬರೆದರೆ ತಂತ್ರಾಂಶವು ಅದನ್ನು ಸಂಖ್ಯೆಯೆಂದು ಗ್ರಹಿಸುವುದಿಲ್ಲ, ವ್ಯತ್ಯಾಸದ ಸೂತ್ರವು ದೋಷಸೂಚನೆಯನ್ನು ಕೊಡುತ್ತದೆ, ಕೋಶಕ್ಕೆ ಬಣ್ಣ ಬರುವುದಿಲ್ಲ. ಅಳತೆಯ ಮಾನವನ್ನು ಶೀರ್ಷಿಕೆಯಲ್ಲಿ ಬರೆದು ಕೋಶದಲ್ಲಿ ಸಂಖ್ಯೆಯನ್ನಷ್ಟೇ ಬರೆಯಬೇಕು.

ಬಣ್ಣದ ಶ್ರೇಣಿಯ ದುರ್ಬಳಕೆ: ಬಣ್ಣದ ಶ್ರೇಣಿಯು ಪಟ್ಟಿಯೊಳಗಿನ ಚಿಕ್ಕದು ಮತ್ತು ದೊಡ್ಡದನ್ನು ಮಾತ್ರ ನೋಡುತ್ತದೆ. ಐದೂ ಹೋಬಳಿಗಳಲ್ಲಿ ವಾಡಿಕೆಗಿಂತ ಹೆಚ್ಚು ಮಳೆಯಾಗಿದ್ದರೂ ಅವುಗಳಲ್ಲಿ ಕೊನೆಯದು ಕೆಂಪಾಗುತ್ತದೆ. ಐದರಲ್ಲಿಯೂ ಕೊರತೆಯಿದ್ದರೂ ಮೊದಲನೆಯದು ಹಸಿರಾಗುತ್ತದೆ. ನಿಗದಿತ ಗಡಿಯಿರುವ ವಿಷಯಗಳಿಗೆ ಈ ಬಗೆ ಸಲ್ಲದು.

ಗಡಿಸಂಖ್ಯೆಯನ್ನು ನಿಯಮದೊಳಗೆ ಹುದುಗಿಸುವುದು: ಬದಲಾಗುವ ಸಾಧ್ಯತೆಯಿರುವ ಗಡಿಸಂಖ್ಯೆಯನ್ನು ಪ್ರತ್ಯೇಕ ಕೋಶದಲ್ಲಿ ಬರೆದು, ನಿಯಮವು ಆ ಕೋಶವನ್ನು ನೋಡುವಂತೆ ಮಾಡುವುದು ಉತ್ತಮ. ಆಗ ಗಡಿಯು ಓದುವವರಿಗೂ ಕಾಣುತ್ತದೆ, ಬದಲಿಸುವುದೂ ಸುಲಭವಾಗುತ್ತದೆ.

ನಕಲು ಮಾಡುವಾಗಿನ ಗೊಂದಲ: ಕೋಶಗಳನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ನಿಯಮಗಳೂ ಜೊತೆಗೆ ಹೋಗಿ, ಒಂದೇ ನಿಯಮ ಹಲವು ತುಣುಕುಗಳಾಗಿ ಉಳಿಯಬಹುದು. ಮೌಲ್ಯಗಳನ್ನು ಮಾತ್ರ ಅಂಟಿಸುವ ಆಯ್ಕೆಯಿಂದ ಇದನ್ನು ತಪ್ಪಿಸಬಹುದು.

## ಇತರ ಬಳಕೆಗಳು

ಶಾಲಾ ಅಂಕಪಟ್ಟಿ: ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳು, ಉಳಿದ ಐದು ವಿಷಯಗಳಿಗೆ ತಲಾ 100 ಅಂಕಗಳು, ಒಟ್ಟು 625. ಪ್ರಥಮ ಭಾಷೆಯಲ್ಲಿ ಪಡೆದ 50 ಅಂಕ ಶೇಕಡಾ 40 ಆದರೆ, ಗಣಿತದಲ್ಲಿ ಪಡೆದ 50 ಅಂಕ ಶೇಕಡಾ 50. ಆದುದರಿಂದ ಎಲ್ಲ ಕಂಬಸಾಲುಗಳಿಗೂ ಒಂದೇ ಗಡಿಸಂಖ್ಯೆ ಕೊಡದೆ ಶೇಕಡಾವಾರು ಲೆಕ್ಕಕ್ಕೆ ಬಣ್ಣ ಹಚ್ಚಬೇಕು.

ಹಾಜರಾತಿ: ಹಾಜರಾತಿಯ ಶೇಕಡಾ ಪ್ರಮಾಣವು 75ರ ಸಮೀಪಕ್ಕೆ ಇಳಿದಾಗಲೇ ಬಣ್ಣ ಬರುವಂತೆ ಮಾಡಿದರೆ, ವಿದ್ಯಾರ್ಥಿಯ ಮನೆಯವರಿಗೆ ತಿಳಿಸಲು ಕಾಲಾವಕಾಶ ದೊರೆಯುತ್ತದೆ.

ದಿನಾಂಕಗಳು: ಟುಡೇ ಎಂಬ ಸೂತ್ರವು ಆ ದಿನದ ದಿನಾಂಕವನ್ನು ಕೊಡುತ್ತದೆ. ಗ್ರಂಥಾಲಯದ ಪುಸ್ತಕ ಹಿಂದಿರುಗಿಸುವ ದಿನ ಅಥವಾ ಸಾಲದ ಕಂತು ಕಟ್ಟುವ ದಿನ ಮೀರಿದೆಯೇ ಎಂಬುದನ್ನು ಅದರೊಂದಿಗೆ ಹೋಲಿಸಿ ಗುರುತಿಸಬಹುದು.

ಮಾರುಕಟ್ಟೆ ದರ: ತೆಂಗಿನಕಾಯಿ, ಕೊಬ್ಬರಿಗಳ ದಿನವಹಿ ಧಾರಣೆಯ ಪಟ್ಟಿಯಲ್ಲಿ ಹಿಂದಿನ ದಿನಕ್ಕಿಂತ ದರ ಇಳಿದ ದಿನಗಳನ್ನು ಒಂದೇ ಸೂತ್ರದಿಂದ ಗುರುತಿಸಬಹುದು.

## ಬಣ್ಣಗಳ ಆಯ್ಕೆ

ಬಣ್ಣಕ್ಕೆ ತನ್ನದೇ ಆದ ಸ್ಥಿರ ಅರ್ಥವಿಲ್ಲ. ಹವಾಮಾನ ಇಲಾಖೆಯ ಮಳೆ ನಕ್ಷೆಯಲ್ಲಿ ಕೊರತೆಗೆ ಕೆಂಪು, ಅದಕ್ಕಿಂತ ಗಂಭೀರವಾದ ತೀವ್ರ ಕೊರತೆಗೆ ಹಳದಿ ಇದೆ. ಅದೇ ಇಲಾಖೆಯ ಹವಾಮಾನ ಎಚ್ಚರಿಕೆಗಳಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ಅನುಕ್ರಮದಲ್ಲಿ ಕೆಂಪು ಅತ್ಯಂತ ಗಂಭೀರವಾದುದು. ಆದುದರಿಂದ ಬಣ್ಣ ಹಚ್ಚಿದ ಪ್ರತಿ ಪಟ್ಟಿಯ ಜೊತೆಯಲ್ಲಿಯೂ ಬಣ್ಣಗಳ ವಿವರಣೆ ಇರಬೇಕು.

ಕೆಂಪು ಮತ್ತು ಹಸಿರು ಬಣ್ಣಗಳನ್ನು ಪ್ರತ್ಯೇಕಿಸಿ ಗುರುತಿಸಲಾಗದ ವರ್ಣಾಂಧತೆ ಪುರುಷರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಕಪ್ಪುಬಿಳುಪು ಮುದ್ರಣ ಅಥವಾ ಜೆರಾಕ್ಸ್ ಪ್ರತಿಯಲ್ಲಿ ಎಲ್ಲ ಬಣ್ಣಗಳೂ ಬೂದಾಗುತ್ತವೆ. ಈ ಕಾರಣಗಳಿಂದ "ಕೊರತೆ", "ವಾಡಿಕೆ", "ವರದಿ ಬಂದಿಲ್ಲ" ಎಂಬ ಪದಗಳನ್ನು ಪಕ್ಕದ ಕಂಬಸಾಲಿನಲ್ಲಿ ಬರೆದಿಡುವುದು ಅಗತ್ಯ.

## ಮಿತಿಗಳು

ಷರತ್ತುಬದ್ಧವಾಗಿ ಬಂದ ಬಣ್ಣವು ದತ್ತಾಂಶವಲ್ಲ. ಕೌಂಟ್‌ಇಫ್‌ನಂಥ ಸೂತ್ರಗಳಿಂದ ಕೆಂಪು ಕೋಶಗಳೆಷ್ಟು ಎಂದು ಎಣಿಸಲಾಗದು; ಬಣ್ಣಕ್ಕೆ ಕಾರಣವಾದ ಷರತ್ತನ್ನೇ ಎಣಿಸಬೇಕು. ಮೇಲಿನ ಪಟ್ಟಿಯಲ್ಲಿ ವ್ಯತ್ಯಾಸವು -20 ಅಥವಾ ಅದಕ್ಕಿಂತ ಕಡಿಮೆ ಇರುವ ಕೋಶಗಳನ್ನು ಎಣಿಸಿದರೆ ಬಾಣಾವರ ಮತ್ತು ಜಾವಗಲ್ ಸೇರಿ ಎರಡು ಎಂಬ ಉತ್ತರ ಬರುತ್ತದೆ.

ಗಡಿರೇಖೆಯ ಎರಡು ಬದಿಗಳಲ್ಲಿರುವ ಸಂಖ್ಯೆಗಳ ನಡುವೆ ಬಣ್ಣವು ತೋರಿಸುವಷ್ಟು ಅಂತರ ವಾಸ್ತವದಲ್ಲಿ ಇರುವುದಿಲ್ಲ. -19 ಹಸಿರು, -20 ಕೆಂಪು. ಹೊಲದ ತೇವದಲ್ಲಿ ಅಷ್ಟು ವ್ಯತ್ಯಾಸವಿರಲಾರದು. ತಿಂಗಳ ಒಟ್ಟು ಮಳೆ ವಾಡಿಕೆಯಷ್ಟೇ ಆಗಿದ್ದರೂ ಅದೆಲ್ಲ ಎರಡೇ ದಿನಗಳಲ್ಲಿ ಸುರಿದು ಉಳಿದ ದಿನಗಳು ಒಣಗಿದ್ದರೆ ರಾಗಿಯ ಪೈರು ಬಾಡುತ್ತದೆ. ಪಟ್ಟಿಯಲ್ಲಿ ಮಾತ್ರ ಸಾಲು ಹಸಿರಾಗಿಯೇ ಇರುತ್ತದೆ.

ಈ ಕಾರಣದಿಂದಲೇ ಬರ ಘೋಷಣೆಯನ್ನು ಮಳೆಯ ವ್ಯತ್ಯಾಸವೊಂದರಿಂದಲೇ ನಿರ್ಧರಿಸುವುದಿಲ್ಲ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯು ಮಳೆಯ ಕೊರತೆ ಮತ್ತು ಮಳೆ ಬಿಡುವಿನ ಅವಧಿಯನ್ನು ಮೊದಲು ಪರಿಶೀಲಿಸಿ, ಬಳಿಕ ಬಿತ್ತನೆಯಾದ ಪ್ರದೇಶ, ಬೆಳೆಯ ಸ್ಥಿತಿಯನ್ನು ತೋರಿಸುವ ಉಪಗ್ರಹ ಮಾಹಿತಿ, ಮಣ್ಣಿನ ತೇವಾಂಶ ಮತ್ತು ಜಲಮೂಲಗಳ ಸ್ಥಿತಿಯನ್ನು ನೋಡಿ, ಕೊನೆಗೆ ಕ್ಷೇತ್ರ ಪರಿಶೀಲನೆ ನಡೆಸಬೇಕೆಂದು ಹೇಳುತ್ತದೆ. ಕರ್ನಾಟಕದಲ್ಲಿ ಮಳೆಯ ಅಂಕಿಗಳನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಸ್ವಯಂಚಾಲಿತ ಮಳೆಮಾಪಕಗಳ ಮೂಲಕ ಸಂಗ್ರಹಿಸುತ್ತದೆ. 2023ರಲ್ಲಿ ರಾಜ್ಯ ಸರ್ಕಾರವು 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ಇಂಥ ನಿರ್ಣಯಗಳಲ್ಲಿ ಬಣ್ಣ ಹಚ್ಚಿದ ಪಟ್ಟಿಯು ಮೊದಲು ಎಲ್ಲಿ ನೋಡಬೇಕು ಎಂಬುದನ್ನು ತೋರಿಸುತ್ತದೆ. ಅಲ್ಲಿ ಏನಾಗಿದೆ ಎಂಬುದನ್ನು ಸ್ಥಳಕ್ಕೆ ಹೋಗಿಯೇ ತಿಳಿಯಬೇಕಾಗುತ್ತದೆ.